ಉಡಿಗೆ ಹಾಕಿದ ಮೇಲೆ

2018ರ ಬೇಸಿಗೆಯಲ್ಲಿ, ಶಹಾಬಾದಿನ ನಮ್ಮ ಮನೆಯ ಪಡಸಾಲೆಯಲ್ಲಿ ದೊಡ್ಡ ಕಾಕಾ ತಮ್ಮ ಮೂರನೆಯ ಮಗಳನ್ನು ಸಣ್ಣ ಕಾಕಿಯ ಉಡಿಗೆ ಹಾಕಿದರು. ಆಗ ಅವಳಿಗೆ ಮೂರು ವರ್ಷ. ಸಣ್ಣ ಕಾಕಾ, ಕಾಕಿ ಹೊರದೇಶದಲ್ಲಿರುವವರು, ಮಕ್ಕಳಿರಲಿಲ್ಲ. ಹೋಳಿಗೆ ಊಟವಾಯಿತು, ದತ್ತಕಪತ್ರವೂ ನೋಂದಣಿಯಾಯಿತು. 'ಇನ್ನ ನಾಕ ತಿಂಗಳಾಗ ವಿಮಾನ ಹತ್ತತಾಳ' ಎಂದು ಮುತ್ಯಾ ಓಣಿಗೆಲ್ಲ ಹೇಳಿಬಂದರು. ಅವಳು ವಿಮಾನ ಹತ್ತಿದ್ದು 2022ರಲ್ಲಿ.

1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ ಪ್ರಕಾರ, ಹೆತ್ತವರು ಕೊಟ್ಟು ಇನ್ನೊಬ್ಬರು ತಗೊಂಡರೆ ದತ್ತಕ ಮುಗಿದಂತೆ. ದತ್ತಹೋಮವೂ ಕಡ್ಡಾಯವಲ್ಲ. ಅಂದಿನಿಂದ ಮಗು ಹುಟ್ಟಿದ ಮನೆಯದಲ್ಲ. ಆದರೆ ಭಾರತ 2003ರಲ್ಲಿ ಅನುಮೋದಿಸಿದ 1993ರ ಹೇಗ್ ಒಪ್ಪಂದದ ಕ್ರಮ ಬೇರೆ. ಅಲ್ಲಿ ಎರಡೂ ದೇಶಗಳ ಪ್ರಾಧಿಕಾರಗಳು ಮೊದಲು ಒಪ್ಪಬೇಕು, ಆಮೇಲೆ ಮಗುವನ್ನು ಒಪ್ಪಿಸಬೇಕು. ನಮ್ಮಲ್ಲಿ ಆ ಪ್ರಾಧಿಕಾರ 1990ರಲ್ಲಿ ಹುಟ್ಟಿದ ಕಾರಾ. ನಾವು ಮೊದಲು ಉಡಿಗೆ ಹಾಕಿ, ಆಮೇಲೆ ಒಪ್ಪಿಗೆ ಕೇಳಲು ಹೋದವರು. ಅಂಥವರಿಗೆ ನಿರಾಕ್ಷೇಪಣಾ ಪತ್ರ ಕೊಡುವ ದಾರಿ ನಿಯಮಗಳಲ್ಲಿ ತೆರೆದದ್ದು 2021ರ ಸೆಪ್ಟೆಂಬರಿನಲ್ಲಿ, ಅದೂ ಜಿಲ್ಲಾಧಿಕಾರಿಗಳ ಪರಿಶೀಲನೆಯ ಮೇಲೆ.

ಈ ಬಿಗಿ ಸುಮ್ಮನೆ ಬಂದದ್ದಲ್ಲ. ದತ್ತಕದ ಹೆಸರಿನಲ್ಲಿ ಮಕ್ಕಳನ್ನು ಹೊರದೇಶಕ್ಕೆ ಸಾಗಿಸುತ್ತಿದ್ದಾರೆಂದು ವಕೀಲ ಲಕ್ಷ್ಮೀಕಾಂತ ಪಾಂಡೆ 1982ರಲ್ಲಿ ಸುಪ್ರೀಂ ಕೋರ್ಟಿಗೆ ಪತ್ರ ಬರೆದರು. 1984ರ ಫೆಬ್ರುವರಿಯಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿಯವರು ಕೊಟ್ಟ ತೀರ್ಪೇ ಇಂದಿನ ನಿಯಮಗಳಿಗೆಲ್ಲ ಬುನಾದಿ. ಆ ಕಾಲದಲ್ಲಿ ವಿದೇಶಿಯರಿಗೆ ಇಲ್ಲಿ ದತ್ತಕವೇ ಸಿಗುತ್ತಿರಲಿಲ್ಲ. 1890ರ ಕಾಯ್ದೆಯಡಿ ಪೋಷಕರೆನಿಸಿಕೊಂಡು ಮಗುವನ್ನು ಒಯ್ದು, ತಮ್ಮ ದೇಶದಲ್ಲಿ ದತ್ತು ಮಾಡಿಕೊಳ್ಳಬೇಕಿತ್ತು. ಆ ತೀರ್ಪು ಓದುವಾಗ ನಾನು ಬಿಗಿ ನಿಯಮದ ಪರ. ರಜೆಗೆ ಊರಿಗೆ ಬಂದಾಗ ಮಾತ್ರ ಹಾಗೆ ಹೇಳುವ ಧೈರ್ಯವಾಗುತ್ತಿರಲಿಲ್ಲ.

ಮನೆಯಲ್ಲಾದ ದತ್ತಕಕ್ಕೆ ಸಮುದ್ರದಾಚೆಯಿಂದ ಒಪ್ಪಿಗೆ ಬರಲೆಂದು ಕಾಯುವುದು ನಮ್ಮ ನಾಡಿಗೆ ಹೊಸದಲ್ಲ. 1824ರಲ್ಲಿ ಕಿತ್ತೂರಿನ ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ, ಅದು ಯುದ್ಧಕ್ಕೆ ಹೋಯಿತು. ಮೈಸೂರು ಕಾಯ್ದಿತು. 1831ರಲ್ಲೇ ಆಡಳಿತ ಕಳೆದುಕೊಂಡಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರು, ಎಪ್ಪತ್ತರ ಹೊಸ್ತಿಲಲ್ಲಿ, 1865ರ ಜೂನ್‌ನಲ್ಲಿ ಎರಡು ವರ್ಷದ ಚಾಮರಾಜೇಂದ್ರನನ್ನು ದತ್ತು ತೆಗೆದುಕೊಂಡರು. ಮಗ ಎನ್ನಲು ಅಡ್ಡಿಯಿಲ್ಲ, ಸ್ವಂತ ಆಸ್ತಿಯೂ ಸಿಗಲಿ, ರಾಜ್ಯ ಮಾತ್ರ ಇಲ್ಲ ಎಂಬುದು ಗವರ್ನರ್ ಜನರಲ್ ಲಾರೆನ್ಸರ ನಿಲುವು. ಲಂಡನ್ ಅದನ್ನು ಬದಲಿಸಿ ದತ್ತಕವನ್ನು ಮನ್ನಿಸಿದ್ದು 1867ರಲ್ಲಿ. ಮರುವರ್ಷ ಮಾರ್ಚ್‌ನಲ್ಲಿ ಒಡೆಯರು ತೀರಿಕೊಂಡರು. ಅರಮನೆಯಲ್ಲಿ ಮಗನಾಗಿ, ಕಾಗದದಲ್ಲಿ ಅರ್ಧ ಮಗನಾಗಿ ಆ ಹುಡುಗ ಎರಡು ವರ್ಷ ಬೆಳೆದಿದ್ದ. ಚರಿತ್ರೆಯ ಪುಸ್ತಕಗಳಲ್ಲಿ ಆ ಪತ್ರಗಳೆಲ್ಲ ಸಿಗುತ್ತವೆ. ಹುಡುಗ ಯಾರನ್ನು ಏನೆಂದು ಕರೆಯುತ್ತಿದ್ದ ಎಂಬುದನ್ನು ನಾನಿನ್ನೂ ಎಲ್ಲೂ ಓದಿಲ್ಲ.

ನಮ್ಮ ಹುಡುಗಿಯದು ಗೊತ್ತು. ಶಾಲೆಯ ದಾಖಲೆಯಲ್ಲಿ ಅಪ್ಪನ ಹೆಸರು ಸಣ್ಣ ಕಾಕಾನದು. ಬಾಕಿ ಬರೆಯಲು ಸಹಿ ಹಾಕುತ್ತಿದ್ದವರು ದೊಡ್ಡ ಕಾಕಾ. 'ನನಗ ಅವ್ವ ಅನಬ್ಯಾಡ, ದೊಡ್ಡವ್ವ ಅನ್ನು' ಎಂದು ಹೆತ್ತ ಕಾಕಿಯೇ ಕಲಿಸಿದ್ದರು. ಮಂದಿಯೆದುರು ದೊಡ್ಡವ್ವ, ಜ್ವರ ಬಂದ ರಾತ್ರಿ ಅವ್ವ. ಪ್ರತಿ ಭಾನುವಾರ ವಿಡಿಯೋ ಕರೆಯಲ್ಲಿ 'ಯಾವಾಗ ಬರ್ತಿ?' ಎಂದು ಸಣ್ಣ ಕಾಕಿ ಕೇಳಿದರೆ, ಅವಳು ತಿರುಗಿ ಮುತ್ಯಾನ ಮುಖ ನೋಡುತ್ತಿದ್ದಳು.

ಕೊನೆಗೆ ಪತ್ರ ಬಂದಾಗ ಸಂದೂಕ ತೆಗೆದೆವು. 2018ರಲ್ಲಿ ಪ್ರಯಾಣಕ್ಕೆಂದು ಕೊಂಡಿದ್ದ ಕೆಂಪು ಸ್ವೆಟರ್ ಪ್ಲಾಸ್ಟಿಕ್ ಚೀಲದಲ್ಲಿ ಹಾಗೇ ಇತ್ತು. ಅದನ್ನು ಪಕ್ಕದ ಮನೆಯ ಕೂಸಿಗೆ ಕೊಟ್ಟು, ಹೊಸದು ತರಲು ಕಲಬುರಗಿಗೆ ಹೋದೆವು.