ಬರಗಾಲದ ನೀರು: ಯಾರ ಬೋರು, ಯಾರ ಟ್ಯಾಂಕರು

ನಮ್ಮ ಸಂಘವು ಇಪ್ಪತ್ತೈದು ವರ್ಷ ಪೂರೈಸಿರುವ ಈ ಶುಭ ಸಂದರ್ಭದಲ್ಲಿ ಸಾಲ, ಗೊಬ್ಬರ, ಬಿತ್ತನೆ ಬೀಜದ ಲೆಕ್ಕವನ್ನು ಬೇರೆ ನಿರ್ದೇಶಕರು ಬರೆಯುತ್ತಾರೆಂದು ತಿಳಿದು ನಾನು ಬರದ ವಿಷಯ ತೆಗೆದುಕೊಂಡಿದ್ದೇನೆ. ಚಳ್ಳಕೆರೆ, ಮೊಳಕಾಲ್ಮೂರು ಸೀಮೆಗೆ ಬರ ಹೊಸ ನೆಂಟನೇನಲ್ಲ. ಆದರೆ ಬರ ಬಂದಾಗ ಊರು ಉಳಿಸಿದ ನೀರು, ಮೇವು, ಗಾಡಿ ಯಾರವು ಎಂಬುದನ್ನು ಯಾರೂ ಬರೆದಿಟ್ಟಂತೆ ಕಾಣೆ.

ನಾಯಕನಹಟ್ಟಿಯ ಶ್ರೀ ತಿಪ್ಪೇರುದ್ರಸ್ವಾಮಿಗಳು ಐದು ಕೆರೆ ಕಟ್ಟಿಸಿದರೆಂದೂ, ಮಣ್ಣು ಹೊತ್ತವರಿಗೆ ಮಾಡಿದ ಕೆಲಸಕ್ಕೆ ತಕ್ಕಷ್ಟು ಕೂಲಿ ಸಿಗುತ್ತಿತ್ತೆಂದೂ ಹಿರಿಯರು ಹೇಳುತ್ತಾರೆ. ಪವಾಡದ ಮಾತು ಹಾಗಿರಲಿ, ಗುದ್ದಲಿ, ಪುಟ್ಟಿ, ಎತ್ತು ಜನರ ಮನೆಯಿಂದಲೇ ಬಂದಿರಬೇಕು.

ಬೋರು ಬಂದ ಮೇಲೆ ನೀರು ಕೆರೆ ಬಿಟ್ಟು ಒಬ್ಬೊಬ್ಬರ ಹೊಲದೊಳಗೆ ಸೇರಿಕೊಂಡಿತು. 2001ರಿಂದ ಮೂರು ವರ್ಷ ಸತತ ಬರ ಬಿತ್ತು. 2023ರಲ್ಲಂತೂ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಶಾಸಕರ ಅಧ್ಯಕ್ಷತೆಯ ಟಾಸ್ಕ್‌ಫೋರ್ಸ್ ಇರುತ್ತದೆ, ತಹಶೀಲ್ದಾರರು ಇರುತ್ತಾರೆ, ಆದರೆ ಪಂಚಾಯ್ತಿ ಬೋರು ಬತ್ತಿದಾಗ ಎಲ್ಲರೂ ನೋಡುವುದು ರೈತನ ಬೋರನ್ನೇ. ಬೋರಿಗೆ ತಿಂಗಳ ಬಾಡಿಗೆ, ಟ್ಯಾಂಕರಿಗೆ ಟ್ರಿಪ್ಪಿನ ಲೆಕ್ಕ.

ಇಲ್ಲಿ ಒಂದು ಮಾತು ಹೇಳಲೇಬೇಕು. ಬೋರು ಕೊಟ್ಟವನು ಬರೀ ನೀರು ಕೊಡುವುದಿಲ್ಲ, ಆ ವರ್ಷದ ಬೆಳೆಯನ್ನೇ ಕೊಡುತ್ತಾನೆ. ನಮ್ಮ ಸದಸ್ಯರೊಬ್ಬರು ಈರುಳ್ಳಿ ಒಣಗಲು ಬಿಟ್ಟು ಊರಿಗೆ ಪೈಪು ಜೋಡಿಸಿಕೊಟ್ಟರು. ಕೇಳಿದರೆ, "ಊರಾಗೆ ಕೊಡ ಹಿಡ್ಕಂಡು ಅಲೀತಿದ್ರೆ ನಾನು ಈರುಳ್ಳಿಗೆ ನೀರು ಬಿಟ್ಕಂಡು ಕೂತ್ಕಳಾಕಾಗುತ್ತೇನಪ್ಪ?" ಅಂದ್ರು. ಬಾಡಿಗೆಯ ಹಣ ಮಾತ್ರ ಮುಂದಿನ ಮುಂಗಾರು ಬಂದರೂ ಬಂದಿರಲಿಲ್ಲ. ಕಚೇರಿಗೆ ಹೋದಾಗಲೆಲ್ಲ, ಯಾವ ದಿನದಿಂದ ಕೊಟ್ಟಿದ್ದೀರಿ, ಆದೇಶ ಎಲ್ಲಿದೆ ಎಂದು ಕೇಳುತ್ತಿದ್ದರು. ಬಾಯಿಮಾತಿನಲ್ಲಿ ಕೊಟ್ಟದ್ದಕ್ಕೆ ಕಾಗದ ಎಲ್ಲಿಂದ ತರೋದು?

ಕಾಗದಕ್ಕೆ ಕಾನೂನೇನೋ ಇದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 65ನೇ ಕಲಂ ಪ್ರಕಾರ ಜಿಲ್ಲಾಧಿಕಾರಿಗಳು ಅಧ್ಯಕ್ಷರಾಗಿರುವ ಜಿಲ್ಲಾ ಪ್ರಾಧಿಕಾರವು ಖಾಸಗಿಯವರ ವಾಹನ, ಕಟ್ಟಡ, ಸಾಮಗ್ರಿಗಳನ್ನು ಪರಿಹಾರ ಕೆಲಸಕ್ಕೆ ವಶಕ್ಕೆ ತೆಗೆದುಕೊಳ್ಳಬಹುದು. ಆದರೆ ಲಿಖಿತ ಆದೇಶ ಬೇಕು, ಅಗತ್ಯ ಮುಗಿದ ಮೇಲೆ ಇಟ್ಟುಕೊಳ್ಳುವಂತಿಲ್ಲ. ವಾಹನಕ್ಕೆ ಆ ಭಾಗದ ಬಾಡಿಗೆ ದರ ನೋಡಿ ಹಣ ಕೊಡಬೇಕೆಂದು 66ನೇ ಕಲಂ ಹೇಳುತ್ತದೆ. ನಮ್ಮ ಕಡೆ ಹೆಚ್ಚಾಗಿ ನಡೆಯುವುದು ವಶವಲ್ಲ, ಒಪ್ಪಂದದ ಬಾಡಿಗೆ. ಒಪ್ಪಂದಕ್ಕೂ ಮೊದಲ ದಿನವೇ ಸಹಿ ಬೀಳಬೇಕೆಂಬುದು ನನ್ನ ಅಭಿಪ್ರಾಯ.

ಇನ್ನು ದನಕರುಗಳ ಪಾಡು. ಮ್ಯಾಸಬೇಡರ ದೇವರ ಎತ್ತುಗಳನ್ನು ಮಾರುವಂತಿಲ್ಲ, ಹೂಡುವಂತಿಲ್ಲ. ಬರ ಬಂದರೆ ಕಿಲಾರಿಗಳು ಮೇವಿಗಾಗಿ ಊರೂರು ಕೇಳಬೇಕು. ಶೇಂಗಾ ಹೊಟ್ಟು ಕೊಡುವವರು ಇದ್ದೇ ಇರುತ್ತಾರೆ, ಸಾಗಿಸಲು ಟ್ರ್ಯಾಕ್ಟರು ಇರುವುದಿಲ್ಲ. ಎಣ್ಣೆ ಗಿರಣಿಗಳ ಊರಾದ ಚಳ್ಳಕೆರೆಯಲ್ಲಿ ಲಾರಿಗೇನು ಕೊರತೆಯೇ? ಕೇಳುವವರು ಮೊದಲೇ ಕೇಳಿರಬೇಕು ಅಷ್ಟೆ.

ವಿಪತ್ತು ಬರದ ರೂಪದಲ್ಲೇ ಬರಬೇಕೆಂದಿಲ್ಲ. 2022ರ ಸೆಪ್ಟೆಂಬರಿನಲ್ಲಿ ವಾಣಿವಿಲಾಸ ಸಾಗರವು 1933ರ ನಂತರ ಮೊದಲ ಸಲ ಕೋಡಿ ಬಿದ್ದು, ಪರಶುರಾಂಪುರ ಕಡೆಯ ವೇದಾವತಿಯಲ್ಲಿ ಹೊಳೆ ಹರಿಯಿತು. ಅಂಥ ಹೊತ್ತಿನಲ್ಲಿ ಬೇಕಾಗುವುದು ಟ್ಯಾಂಕರಲ್ಲ, ಜೆಸಿಬಿ.

2001ರ ಗುಜರಾತ್ ಭೂಕಂಪದ ನಂತರ ಇಂಥ ಯಂತ್ರಗಳನ್ನು ಜಿಲ್ಲಾವಾರು ಪಟ್ಟಿ ಮಾಡುವ ಕೆಲಸವನ್ನು ಕೇಂದ್ರ ಸರ್ಕಾರವೇ ಕೈಗೆತ್ತಿಕೊಂಡಿತು. ನಮ್ಮದು ಅಷ್ಟು ದೊಡ್ಡದಲ್ಲ, ಒಂದು ಉದ್ದನೆಯ ನೋಟ್‌ಬುಕ್ಕು. ಯಾರ ಬೋರಿನಲ್ಲಿ ಎಷ್ಟು ಇಂಚು ನೀರು, ಫ್ಲೋರೈಡ್ ಪರೀಕ್ಷೆ ಆಗಿದೆಯೋ ಇಲ್ಲವೋ, ಯಾವ ಟ್ಯಾಂಕರಿನಲ್ಲಿ ಔಷಧಿ ಕಲಸುತ್ತಾರೆ (ಅದು ಕುಡಿಯುವ ನೀರಿಗೆ ಬೇಡ), ಟ್ರ್ಯಾಕ್ಟರು ಯಾವ ತಿಂಗಳು ಬಿಡುವಾಗಿರುತ್ತದೆ, ಎಲ್ಲ ಬರೆದಿದೆ. ಹೊಸ ಬೋರು ಕೊರೆಸಿದವರು, ಹಳೆಯದು ಬತ್ತಿದವರು ಯುಗಾದಿಯೊಳಗೆ ಕಾರ್ಯದರ್ಶಿಗಳ ಹತ್ತಿರ ಬಂದು ತಿದ್ದಿಸಬೇಕಾಗಿ ವಿನಂತಿ.