ಕೂಲಿಯವರ ಕೈಯಲ್ಲೊಂದು ರಸೀದಿ

ಹನ್ನೆರಡನೆಯ ಶತಮಾನದ ಶರಣರನ್ನು ನೆನೆದರೆ ಅವರ ದುಡಿಮೆಯೂ ಹೆಸರಿನೊಡನೆಯೇ ನೆನಪಾಗುತ್ತದೆ. ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ, ಅಂಬಿಗರ ಚೌಡಯ್ಯ, ಕೊಟ್ಟಣದ ಸೋಮಮ್ಮ ಇವರಿಗೆಲ್ಲ ಕಾಯಕವೇ ಗುರುತು. ನಮ್ಮ ಕಾಲದ ಕೂಲಿಯವರ ದುಡಿಮೆಗಾದರೋ ಗುರುತಿರಲಿ, ದಾಖಲೆಯೂ ಇರಲಿಲ್ಲ. ಇಂದು ಒಬ್ಬ ಧಣಿ, ನಾಳೆ ಇನ್ನೊಬ್ಬ, ಕೊಟ್ಟಷ್ಟೇ ಕೂಲಿ. ಇಂಥವರು ಒಗ್ಗೂಡಿದ ಬಗೆಯನ್ನು ಬೆಳಗಾವಿ ಜಿಲ್ಲೆಯ ಇತ್ತೀಚಿನ ಚರಿತ್ರೆಯಲ್ಲಿ ಕಾಣಬಹುದು.

1980ರ ಸುಮಾರಿಗೆ ಇದೇ ಜಿಲ್ಲೆಯ ನಿಪ್ಪಾಣಿಯಲ್ಲಿ ತಂಬಾಕು ಕಾರ್ಖಾನೆಗಳ ಸ್ತ್ರೀಯರು ಸಂಘ ಕಟ್ಟಿ ಹೋರಾಡಿದರು. ‘ಯುಗಾಂತರ’ ಎಂಬ ಮಹಿಳಾ ತಂಡವು 1982ರಲ್ಲಿ ಅವರನ್ನು ಕುರಿತು ಸಾಕ್ಷ್ಯಚಿತ್ರವನ್ನೇ ತಯಾರಿಸಿತು. ಕೂಡಿ ನಿಲ್ಲಲು ಅವರಿಗೆ ಕಾರ್ಖಾನೆಯ ಬಾಗಿಲಾದರೂ ಇತ್ತು. ಖಾನಾಪುರದ ಕಾಡುಸೀಮೆಯ ಕೂಲಿಯವರಿಗೆ ಅದೂ ಇರಲಿಲ್ಲ. ಮಲಪ್ರಭೆ ಹುಟ್ಟುವ ಕಣಕುಂಬಿ ಈ ತಾಲ್ಲೂಕಿನದೇ. ಮಳೆಗೆ ಕೊರತೆಯಿಲ್ಲ, ಸುಗ್ಗಿ ಮುಗಿದ ಮೇಲೆ ಕೆಲಸಕ್ಕೆ ಕೊರತೆ. ಆಗ ಗೋವೆಯ ದಾರಿ ಹಿಡಿಯುವವರು ಅನೇಕರು.

2005ರ ಉದ್ಯೋಗ ಖಾತರಿ ಕಾಯಿದೆಯು 2007ರಲ್ಲಿ ಬೆಳಗಾವಿ ಜಿಲ್ಲೆಗೆ ವಿಸ್ತರಿಸಿತು. ಗ್ರಾಮೀಣ ಕುಟುಂಬಕ್ಕೆ ವರ್ಷಕ್ಕೆ 100 ದಿನಗಳ ಕೆಲಸ. ಅರ್ಜಿ ಕೊಟ್ಟ 15 ದಿನಗಳಲ್ಲಿ ಕೆಲಸ ದೊರೆಯದಿದ್ದರೆ ನಿರುದ್ಯೋಗ ಭತ್ಯೆ ಎಂದು ಅದು ವಿಧಿಸಿತು. ಆದರೆ ಈ 15 ದಿನಗಳನ್ನು ಎಣಿಸುವುದು ಎಂದಿನಿಂದ? ಅರ್ಜಿ ತಲುಪಿದ ದಿನಾಂಕವಿರುವ ರಸೀದಿ ಕೈಯಲ್ಲಿದ್ದರೆ ಮಾತ್ರ ಎಣಿಕೆ ಆರಂಭವಾಗುತ್ತದೆ. ಬಾಯಿಮಾತಿನಲ್ಲಿ ಕೆಲಸ ಕೇಳಿದವರ ಹಕ್ಕು ಬಾಯಿಮಾತಿನಲ್ಲಿಯೇ ಕರಗಿಹೋಗುತ್ತದೆ. ಒಬ್ಬಳೇ ಹೆಣ್ಣುಮಗಳು ಪಂಚಾಯಿತಿಯಲ್ಲಿ ರಸೀದಿ ಕೇಳಲು ಅಳುಕುವಳು. ಐವತ್ತು ಮಂದಿ ಕೂಡಿ ಹೋದರೆ ಆ ಅಳುಕು ಉಳಿಯದು. ಖಾನಾಪುರ ಭಾಗದಲ್ಲಿ ಗ್ರಾಮೀಣ ಕೂಲಿಕಾರ್ಮಿಕರ ಸಂಘಟನೆಯು, ಅಂದರೆ ಜನರ ಬಾಯಲ್ಲಿ ‘ಗ್ರಾಕೂಸ್’, ಊರೂರಿನಲ್ಲಿ ಕೂಲಿಯವರನ್ನು ಕೂಡಿಸಿದುದರ ಮಹತ್ವವಿರುವುದು ಇಲ್ಲಿಯೇ.

ಬೆಳಗಾವಿ ನಗರದ ಬೀದಿಗಳಲ್ಲಿ ಕಾಯಿಪಲ್ಯೆ, ಹೂವು ಮಾರುವವರ ಪಾಡೂ ಇದಕ್ಕಿಂತ ಬೇರೆಯಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯಿದೆಯು ಸಮೀಕ್ಷೆ ನಡೆಸಿ ಅವರಿಗೆ ಪ್ರಮಾಣಪತ್ರ ಕೊಡಬೇಕೆಂದಿತು. ಸಮೀಕ್ಷೆ ಮುಗಿಯುವ ಮೊದಲು ಯಾರನ್ನೂ ಎಬ್ಬಿಸಕೂಡದೆಂದಿತು. ಪಟ್ಟಣದ ವ್ಯಾಪಾರ ಸಮಿತಿಯಲ್ಲಿ ಶೇಕಡಾ 40ಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನಗಳು ವ್ಯಾಪಾರಿಗಳವೇ, ಅವರು ತಾವೇ ಆರಿಸಿಕೊಳ್ಳಬೇಕಾದವು. ಸಂಘವಿಲ್ಲದ ಕಡೆ ಆ ಸ್ಥಾನಗಳಿಂದ ಪ್ರಯೋಜನವೇನು?

2025ರ ಡಿಸೆಂಬರಿನಲ್ಲಿ ಸಂಸತ್ತು ಉದ್ಯೋಗ ಖಾತರಿ ಕಾಯಿದೆಯ ಸ್ಥಾನದಲ್ಲಿ 125 ದಿನಗಳ ಹೊಸ ಕಾಯಿದೆಯನ್ನು ಅಂಗೀಕರಿಸಿತು. ಕಾಯಿದೆಗಳು ಬದಲಾಗುತ್ತವೆ. ಕೂಡಿ ಹೋಗಿ, ಬರೆದು ಕೊಟ್ಟು, ಬರೆದುದನ್ನು ಕೇಳಿ ಪಡೆಯುವ ರೂಢಿ ಒಮ್ಮೆ ಬೇರೂರಿದರೆ ಯಾವ ಕಾಯಿದೆಯ ಕಾಲಕ್ಕೂ ಒದಗುತ್ತದೆ. ಜೀವಮಾನವೆಲ್ಲ ಮಕ್ಕಳಿಗೆ ಅಕ್ಷರ ಕಲಿಸಿದ ನನಗೆ, ಅಕ್ಷರದ ಬೆಲೆಯನ್ನು ಆ ತುಂಡು ರಸೀದಿಯಷ್ಟು ಸ್ಪಷ್ಟವಾಗಿ ತಿಳಿಸಿದ ಪಾಠ ಬೇರೊಂದಿಲ್ಲ. ಕಾಯಕವನ್ನು ಕೊಂಡಾಡುವ ನಾವು ಕಾಯಕದವರ ಅರ್ಜಿಯನ್ನು ಬರೆದುಕೊಡುವಷ್ಟಾದರೂ ಮಾಡಬೇಡವೇ?