ಟ್ರ್ಯಾಕ್ಟರಿಗೆ ತಕ್ಕ ಟ್ರೇಲರ್ ಮತ್ತು ಕೊಂಡಿಯ ಆಯ್ಕೆ

ಕೊಟ್ಟಿಗೆ ಗೊಬ್ಬರ, ಕೆರೆ ಹೂಳು, ಮೆಕ್ಕೆಜೋಳ, ಕಬ್ಬು, ಮೇವು, ಇಟ್ಟಿಗೆ, ಕಡೆಗೆ ಜಾತ್ರೆಗೆ ಹೊರಟ ಮನೆಮಂದಿ, ಇವೆಲ್ಲಕ್ಕೂ ಹಳ್ಳಿಯಲ್ಲಿ ಒಂದೇ ಟ್ರೇಲರ್ ಬಳಕೆಯಾಗುತ್ತದೆ. ನೇಗಿಲು ಅಥವಾ ರೋಟವೇಟರ್ ಕೊಳ್ಳುವಾಗ ಹತ್ತು ಜನರನ್ನು ವಿಚಾರಿಸುವ ರೈತರು ಟ್ರೇಲರ್ ಕೊಳ್ಳುವಾಗ ಮಾತ್ರ ತಮ್ಮ ಟ್ರ್ಯಾಕ್ಟರ್ ಎಷ್ಟು ಭಾರ ಎಳೆಯಬಲ್ಲದು ಎಂಬುದೊಂದನ್ನೇ ಕೇಳುತ್ತಾರೆ. ಅದಕ್ಕಿಂತ ಮೊದಲು ಕೇಳಬೇಕಾದುದು, ಅದು ಎಷ್ಟು ಭಾರವನ್ನು ನಿಲ್ಲಿಸಬಲ್ಲದು ಎಂಬುದು.

ಸಮತಟ್ಟಾದ ಡಾಂಬರು ರಸ್ತೆಯಲ್ಲಿ ಗಾಲಿ ಉರುಳಲು ಬೇಕಾದ ಎಳೆತ ಒಟ್ಟು ತೂಕದ ಶೇ. 2ರಿಂದ 3ರಷ್ಟು ಮಾತ್ರ. ಹೇರು ಸಮೇತ 6 ಟನ್ ತೂಗುವ ಟ್ರೇಲರನ್ನು ಎಳೆಯಲು 180 ಕೆ.ಜಿ. ಎಳೆತ ಸಾಕು. 40 ಅಶ್ವಶಕ್ತಿಯ ಟ್ರ್ಯಾಕ್ಟರಿಗೆ ಇದು ಲೆಕ್ಕಕ್ಕೇ ಇಲ್ಲ. ಈ ಸುಲಭದ ಎಳೆತವೇ ರೈತರನ್ನು ದಾರಿ ತಪ್ಪಿಸುತ್ತದೆ.

ನಿಲ್ಲಿಸುವ ಲೆಕ್ಕ

2 ಟನ್ ತೂಗುವ ಟ್ರ್ಯಾಕ್ಟರ್ ಇದೆಯೆಂದು ಭಾವಿಸೋಣ. ಅದರ ಬ್ರೇಕ್ ಇರುವುದು ಹಿಂಗಾಲಿಗಳಿಗೆ. ಹಿಂಗಾಲಿಗಳ ಮೇಲೆ ಬೀಳುವ ತೂಕ ಸುಮಾರು 1,300 ಕೆ.ಜಿ. ಒಣ ರಸ್ತೆಯಲ್ಲಿ ಟೈರಿನ ಹಿಡಿತ ಈ ತೂಕದ ಶೇ. 60 ಎಂದಿಟ್ಟುಕೊಂಡರೆ, ಗರಿಷ್ಠ ತಡೆಬಲ 780 ಕೆ.ಜಿ. ಹಿಂದೆ ಇರುವ 6 ಟನ್ ಟ್ರೇಲರಿಗೆ ಬ್ರೇಕ್ ಇಲ್ಲದಿದ್ದರೆ, ಇಷ್ಟೇ ಬಲ 8 ಟನ್ನನ್ನು ನಿಲ್ಲಿಸಬೇಕು. ಗಂಟೆಗೆ 20 ಕಿ.ಮೀ. ವೇಗದಲ್ಲಿ ಬ್ರೇಕ್ ತುಳಿದ ಮೇಲೆ ಸುಮಾರು 16 ಮೀಟರ್ ಮುಂದೆ ಹೋಗಿ ನಿಲ್ಲುತ್ತದೆ. ಚಾಲಕ ಅಪಾಯ ಕಂಡು ಕಾಲೂರುವ ಒಂದು ಸೆಕೆಂಡಿನಲ್ಲಿ ಇನ್ನೂ ಐದೂವರೆ ಮೀಟರ್ ಸರಿದಿರುತ್ತದೆ. 20 ಮೀಟರಿಗೆ 1 ಮೀಟರ್ ಇಳಿಜಾರಿದ್ದರೆ ಬ್ರೇಕ್ ಹಿಡಿದ ನಂತರದ ದೂರ ಇಮ್ಮಡಿಯಾಗುತ್ತದೆ. 10 ಮೀಟರಿಗೆ 1 ಮೀಟರ್ ಇಳಿಜಾರಿನಲ್ಲಿ 8 ಟನ್ ತೂಕವನ್ನು ಕೆಳಕ್ಕೆ ನೂಕುವ ಬಲವೇ 800 ಕೆ.ಜಿ. ಅಂದರೆ ಬ್ರೇಕ್ ಎಷ್ಟೇ ಬಿಗಿಯಾಗಿದ್ದರೂ ಟ್ರ್ಯಾಕ್ಟರ್ ನಿಲ್ಲುವುದೇ ಇಲ್ಲ. ಚಾಲಕನ ಅನುಭವ ಈ ಲೆಕ್ಕವನ್ನು ಬದಲಿಸಲಾರದು. ಮಳೆಯಲ್ಲಿ ಅಥವಾ ರಸ್ತೆಯ ಮೇಲೆ ಕೆಸರು ಬಿದ್ದಿರುವಾಗ ಪರಿಸ್ಥಿತಿ ಇನ್ನೂ ವಿಷಮ.

ಆದುದರಿಂದ ಬ್ರೇಕ್ ಇಲ್ಲದ ಟ್ರೇಲರಿನ ಒಟ್ಟು ತೂಕ, ಅಂದರೆ ಅದರ ಸ್ವಂತ ತೂಕ ಮತ್ತು ಹೇರು ಸೇರಿ, ಟ್ರ್ಯಾಕ್ಟರಿನ ತೂಕದ ಒಂದೂವರೆ ಪಟ್ಟನ್ನು ಮೀರಕೂಡದು. 2 ಟನ್ ಟ್ರ್ಯಾಕ್ಟರಿಗೆ 3 ಟನ್. ಖಾಲಿ ಟ್ರೇಲರೇ 1 ಟನ್ನಿನಷ್ಟು ತೂಗಿದರೆ ಹೇರಿಗೆ ಉಳಿಯುವುದು 2 ಟನ್ ಮಾತ್ರ. ಇದು ಬಹಳ ಕಡಿಮೆಯೆಂದು ರೈತರು ಹೇಳುವುದು ಸಹಜ. ಹೆಚ್ಚು ಹೇರಬೇಕೆನ್ನುವವರು ಬ್ರೇಕ್ ಅಳವಡಿಸಿದ ಟ್ರೇಲರನ್ನೇ ಕೊಳ್ಳಬೇಕು. ಟ್ರೇಲರ್ ಮುಂದಕ್ಕೆ ತಳ್ಳಿದಾಗ ತಾನಾಗಿ ಹಿಡಿಯುವ ಬ್ರೇಕ್, ಟ್ರ್ಯಾಕ್ಟರಿನ ಪೆಡಲಿನಿಂದ ನಡೆಯುವ ಹೈಡ್ರಾಲಿಕ್ ಬ್ರೇಕ್, ಏರ್ ಬ್ರೇಕ್ ಎಂಬ ವಿಧಗಳಿವೆ. ಮೊದಲನೆಯದು ಅಗ್ಗ, ಭಾರೀ ಹೇರಿಗೆ ಉಳಿದೆರಡೇ ಸೂಕ್ತ. ಟ್ರೇಲರಿನ ಬೆಲೆಯಲ್ಲಿ ಉಳಿಸಲು ಬ್ರೇಕನ್ನು ಬಿಡುವ ಬದಲು ಹೈಡ್ರಾಲಿಕ್ ಟಿಪ್ಪಿಂಗ್ ಸೌಲಭ್ಯವನ್ನು ಬಿಡುವುದು ಲೇಸು.

ರಸ್ತೆಗಿಳಿಯುವ ಮುನ್ನ ಎಡ, ಬಲ ಬ್ರೇಕ್ ಪೆಡಲುಗಳನ್ನು ಒಂದಕ್ಕೊಂದು ಸೇರಿಸಿ ಕೊಕ್ಕೆ ಹಾಕಿರಬೇಕು. ಒಂದೇ ಬದಿಯ ಬ್ರೇಕ್ ಹಿಡಿದರೆ ಹಿಂದಿನ ಹೇರು ಟ್ರ್ಯಾಕ್ಟರನ್ನು ಅಡ್ಡಕ್ಕೆ ತಿರುಗಿಸಿ ಉರುಳಿಸುತ್ತದೆ. ಇಳಿಜಾರಿನಲ್ಲಿ ಏರುವಾಗ ಬಳಸಿದ ಗೇರಿನಲ್ಲಿಯೇ ಇಳಿಯಬೇಕು. ಡೀಸೆಲ್ ಉಳಿಸಲೆಂದು ನ್ಯೂಟ್ರಲ್ಲಿನಲ್ಲಿ ಬಿಡುವ ಅಭ್ಯಾಸ ಪ್ರಾಣಾಪಾಯಕಾರಿ.

ಪೆಟ್ಟಿಗೆಯ ಅಳತೆ ಮೋಸ ಮಾಡುತ್ತದೆ

10 ಅಡಿ ಉದ್ದ, 6 ಅಡಿ ಅಗಲ, 2 ಅಡಿ ಎತ್ತರದ ಪೆಟ್ಟಿಗೆಯಲ್ಲಿ ಸುಮಾರು 3.4 ಘನ ಮೀಟರ್ ಸ್ಥಳವಿರುತ್ತದೆ. ಅರೆ ಒಣಗಿದ ಕೊಟ್ಟಿಗೆ ಗೊಬ್ಬರ ತುಂಬಿದರೆ ಸುಮಾರು 2 ಟನ್, ಮೆಕ್ಕೆಜೋಳದ ಕಾಳು ತುಂಬಿದರೆ ಸುಮಾರು ಎರಡೂವರೆ ಟನ್. ಅದೇ ಪೆಟ್ಟಿಗೆಗೆ ಹಸಿ ಕೆರೆ ಹೂಳನ್ನು ಅಂಚಿನವರೆಗೆ ತುಂಬಿದರೆ ಐದೂವರೆ ಟನ್ನಿನಷ್ಟಾಗುತ್ತದೆ. ಬೇಸಿಗೆಯಲ್ಲಿ ಹೂಳು ಹೊಡೆಯುವವರು ಪೆಟ್ಟಿಗೆಯನ್ನು ಮೂರನೆಯ ಒಂದು ಭಾಗದಷ್ಟೇ ತುಂಬಬೇಕೆಂದು ಹೇಳಿದರೆ ನಗುವವರುಂಟು. ಆದರೆ ಬ್ರೇಕ್ ಇಲ್ಲದ ಟ್ರೇಲರಿಗೆ ಲೆಕ್ಕ ಹೇಳುವುದು ಅದನ್ನೇ. ತಾವು ಸಾಗಿಸುವ ಅತ್ಯಂತ ಭಾರದ ವಸ್ತುವನ್ನು ಆಧರಿಸಿ ಅಚ್ಚು, ಬೇರಿಂಗ್ ಮತ್ತು ಟೈರುಗಳನ್ನು ಆಯ್ದುಕೊಳ್ಳಬೇಕು. ಅತ್ಯಂತ ಹಗುರ ವಸ್ತುವನ್ನು ಆಧರಿಸಿ ಪೆಟ್ಟಿಗೆಯ ಎತ್ತರವನ್ನು ನಿರ್ಧರಿಸಬೇಕು. ಮೇವಿಗೆ ಎತ್ತರ ಬೇಕಾದರೆ ಕಳಚಿಡಬಹುದಾದ ಪಕ್ಕದ ಚೌಕಟ್ಟುಗಳಿರಲಿ.

ಎರಡು ಗಾಲಿಯೋ, ನಾಲ್ಕು ಗಾಲಿಯೋ?

ಎತ್ತಿನ ಗಾಡಿ ಹೂಡಿದವರಿಗೆ ಮುಂಭಾರ, ಹಿಂಭಾರಗಳ ಅರಿವು ಹೊಸದಲ್ಲ. ಎರಡು ಗಾಲಿಯ ಟ್ರೇಲರಿಗೂ ಅದೇ ನಿಯಮ. ಹೇರು ಅಚ್ಚಿನಿಂದ ತುಸು ಮುಂದಿದ್ದರೆ ಅದರ ಒಂದು ಪಾಲು ಕೊಂಡಿಯ ಮೂಲಕ ಟ್ರ್ಯಾಕ್ಟರಿನ ಹಿಂಗಾಲಿಗಳ ಮೇಲೆ ಕುಳಿತು ಹಿಡಿತವನ್ನು ಹೆಚ್ಚಿಸುತ್ತದೆ. ಆದುದರಿಂದ ಕೆಸರು ಹೊಲಕ್ಕೆ, ಇಕ್ಕಟ್ಟಾದ ದಾರಿಗೆ, ಹಿಂದಕ್ಕೆ ನಡೆಸಬೇಕಾದ ಕಡೆಗೆ ಇದು ಅನುಕೂಲ. ಹಿಂಭಾರವಾದರೆ ಕೊಂಡಿ ಮೇಲಕ್ಕೆದ್ದು ಹಿಂಗಾಲಿಗಳು ಜಾರುತ್ತವೆ. ರಸ್ತೆಯಲ್ಲಿ ಟ್ರೇಲರ್ ಅತ್ತಿತ್ತ ತೊನೆಯುತ್ತದೆ. ನಾಲ್ಕು ಗಾಲಿಯ ಟ್ರೇಲರ್ ತನ್ನ ತೂಕವನ್ನು ತಾನೇ ಹೊರುತ್ತದೆ. ದೂರದ, ಸಮತಟ್ಟಾದ ರಸ್ತೆಗೆ ಅದು ಸರಿ. ಟ್ರ್ಯಾಕ್ಟರಿಗೆ ಹಿಡಿತವನ್ನೇನೂ ಕೊಡದ ಕಾರಣ ಅದಕ್ಕೆ ಬ್ರೇಕ್ ಇನ್ನೂ ಅಗತ್ಯ. ಕಬ್ಬಿನ ಹಂಗಾಮಿನಲ್ಲಿ ಒಂದರ ಹಿಂದೊಂದು ಎರಡು ಟ್ರೇಲರ್ ಪೋಣಿಸುವ ರೂಢಿಯನ್ನು ಯಾವ ಲೆಕ್ಕದಿಂದಲೂ ಸಮರ್ಥಿಸಲಾಗದು.

ಕೊಂಡಿಯ ಎತ್ತರ

ಟ್ರ್ಯಾಕ್ಟರ್ ಹಿಮ್ಮುಖವಾಗಿ ಮಗುಚಲು ಬಹುಮಟ್ಟಿಗೆ ಕಾರಣ ಎತ್ತರದಲ್ಲಿ ಕಟ್ಟಿದ ಕೊಂಡಿ. ನಮ್ಮ 2 ಟನ್ ಟ್ರ್ಯಾಕ್ಟರಿನ ಮುಂಗಾಲಿಗಳ ಮೇಲೆ 800 ಕೆ.ಜಿ. ತೂಕವಿದ್ದು, ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವೆ 1.9 ಮೀಟರ್ ಅಂತರವಿರಲಿ. ಕೊಂಡಿ ಹಿಂದಿನ ಅಚ್ಚಿನಿಂದ 0.8 ಮೀಟರ್ ಹಿಂದಿರಲಿ. ಕೊಂಡಿಯ ಮೇಲೆ 600 ಕೆ.ಜಿ. ಭಾರ ಕುಳಿತರೆ ಮುಂಗಾಲಿಗಳ ಭಾರ ಸುಮಾರು 250 ಕೆ.ಜಿ. ಇಳಿಯುತ್ತದೆ. 6 ಟನ್ ಟ್ರೇಲರಿನೊಂದಿಗೆ 10ಕ್ಕೆ 1ರ ಏರು ಹತ್ತುವಾಗ ಸುಮಾರು 800 ಕೆ.ಜಿ. ಎಳೆತ ಬೇಕು. ಕೊಂಡಿ ನೆಲದಿಂದ 45 ಸೆಂ.ಮೀ. ಎತ್ತರದಲ್ಲಿದ್ದರೆ ಈ ಎಳೆತ ಮುಂಭಾಗದಿಂದ ಮತ್ತೆ 190 ಕೆ.ಜಿ. ಕಸಿಯುತ್ತದೆ, 90 ಸೆಂ.ಮೀ. ಎತ್ತರದಲ್ಲಿದ್ದರೆ 380 ಕೆ.ಜಿ. ಮೊದಲ ಸಂದರ್ಭದಲ್ಲಿ ಮುಂದೆ 360 ಕೆ.ಜಿ. ಉಳಿದರೆ ಎರಡನೆಯದರಲ್ಲಿ ಉಳಿಯುವುದು ಬರೀ 170. ಸ್ಟೇರಿಂಗ್ ಮಾತು ಕೇಳಬೇಕಾದರೆ ಟ್ರ್ಯಾಕ್ಟರಿನ ತೂಕದ ಶೇ. 20, ಅಂದರೆ 400 ಕೆ.ಜಿ. ಮುಂದೆ ಇರಲೇಬೇಕು. ತಗ್ಗಿನ ಕೊಂಡಿಗೂ ಮುಂಭಾಗದ ತೂಕದ ಬಿಲ್ಲೆಗಳು ಬೇಕೆಂಬುದನ್ನು ಇದು ತೋರಿಸುತ್ತದೆ. ಇನ್ನು ಕೊಂಡಿಯ ಭಾರ 1 ಟನ್ನಿಗೇರಿ, ಎತ್ತರವೂ 90 ಸೆಂ.ಮೀ. ಇದ್ದರೆ ಮುಂದೆ ಏನೂ ಉಳಿಯದೆ ಗಾಲಿಗಳು ನೆಲ ಬಿಡುತ್ತವೆ.

ಆದ್ದರಿಂದ ಕೊಂಡಿ ಸದಾ ಹಿಂದಿನ ಅಚ್ಚಿನ ಮಟ್ಟಕ್ಕಿಂತ ಕೆಳಗಿರಬೇಕು. ತಯಾರಕರು ಟ್ರ್ಯಾಕ್ಟರಿನ ಒಡಲಿಗೆ ಅಳವಡಿಸಿಕೊಟ್ಟ ಎಳೆಪಟ್ಟಿ ಅಥವಾ ಟ್ರೇಲರ್ ಕೊಂಡಿಯನ್ನೇ ಬಳಸಬೇಕು. ನೇಗಿಲಿನ ಮೇಲ್ಕೊಂಡಿ ಸಿಕ್ಕಿಸುವ ಜಾಗಕ್ಕೆ ಸರಪಳಿಯನ್ನಾಗಲೀ ಟ್ರೇಲರನ್ನಾಗಲೀ ಕಟ್ಟಕೂಡದು. ಕೆಳಕೊಂಡಿಗಳ ನಡುವಿನ ತೂತುಪಟ್ಟಿ ಲಿಫ್ಟಿನೊಂದಿಗೆ ಮೇಲೇಳುವುದರಿಂದ ಭಾರದ ಟ್ರೇಲರಿಗೆ ಸಲ್ಲದು. ಪಿನ್ನಿಗೆ ಬದಲಾಗಿ ಕಟ್ಟಡದ ಕಂಬಿಯ ತುಂಡನ್ನು ತೂರಿಸುವುದನ್ನು ಎಲ್ಲೆಡೆ ಕಾಣುತ್ತೇವೆ. ಪಿನ್ ತಕ್ಕ ಉಕ್ಕಿನದಾಗಿದ್ದು, ಕೆಳತುದಿಗೆ ಬಿಚ್ಚಿಕೊಳ್ಳದ ಲಾಕ್ ಇರಬೇಕು. ಕಣ್ಣು ಸವೆದು ಪಿನ್ ಲಟಲಟನೆ ಆಡತೊಡಗಿದರೆ ಎರಡನ್ನೂ ಬದಲಿಸಬೇಕು. ಜೊತೆಗೆ ಸುರಕ್ಷಾ ಸರಪಳಿಯಿರಲಿ.

ಹೊಲದೊಳಗೆ

ಬೇಸಾಯ ಶಾಸ್ತ್ರದ ದೃಷ್ಟಿಯಿಂದಲೂ ಒಂದು ಮಾತು ಹೇಳಬೇಕು. ಒಂದು ಅಚ್ಚಿನ ಮೇಲೆ 5 ಟನ್ನಿಗಿಂತ ಹೆಚ್ಚು ಭಾರ ಹೊತ್ತು ತೇವವಿರುವ ಹೊಲದಲ್ಲಿ ಓಡಾಡಿದರೆ ನೇಗಿಲು ತಲುಪದ ಆಳದವರೆಗೂ ಮಣ್ಣು ಗಟ್ಟಿಯಾಗುತ್ತದೆ. ಟೈರಿನ ಗಾಳಿ ಇಳಿಸಿದರೆ ಮೇಲ್ಮಣ್ಣಿಗೆ ಅನುಕೂಲವೇ ಹೊರತು ಆಳಕ್ಕಲ್ಲ. ಎರೆಭೂಮಿಯ ಕಬ್ಬಿನಲ್ಲಿ ಕೂಳೆ ಸಾಲುಗಳ ಮೇಲೆ ಗಾಲಿ ಹಾಯ್ದ ಕಡೆ ಮರುಚಿಗುರು ವಿರಳವಾಗುತ್ತದೆ. ಒಂದೇ ದಾರಿಯನ್ನು ಗುರುತು ಮಾಡಿಕೊಂಡು, ಅರ್ಧ ಹೇರಿನಲ್ಲಿ ಹೊರಬಂದು, ಬದುವಿನಾಚೆ ಪೂರ್ತಿ ತುಂಬಿಸಿಕೊಳ್ಳುವುದು ಉತ್ತಮ.

ಜನ, ತಂಗುದಾಣ, ದಾಖಲೆ

ಬನದ ಹುಣ್ಣಿಮೆ, ಭರತ ಹುಣ್ಣಿಮೆಗಳಿಗೆ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಟ್ರ್ಯಾಕ್ಟರುಗಳಲ್ಲಿ ಹೋಗಿ ಬಯಲಿನಲ್ಲಿ ಬೀಡುಬಿಟ್ಟು ಅಡುಗೆ ಮಾಡಿಕೊಳ್ಳುವ ಕುಟುಂಬಗಳು ಅನೇಕ. ಟ್ರೇಲರಿನಲ್ಲಿ ಜನರನ್ನು ಸಾಗಿಸಲು ಕಾನೂನಿನಲ್ಲಿ ಅವಕಾಶವಿಲ್ಲ. ಅಪಘಾತವಾದಾಗ ವಿಮೆಯ ಪರಿಹಾರವೂ ಕೈತಪ್ಪಬಹುದು. ಜನ ಬಸ್ಸಿನಲ್ಲಿ, ಸಾಮಾನು ಟ್ರೇಲರಿನಲ್ಲಿ ಹೋಗಲಿ ಎಂಬುದೇ ನಮ್ಮ ಸಲಹೆ. ಬೀಡಿನಲ್ಲಿ ಟ್ರ್ಯಾಕ್ಟರ್ ಕಳಚಿದ ಎರಡು ಗಾಲಿಯ ಟ್ರೇಲರ್ ಮುಂದಿನ ಊರೆಯ ಮೇಲೆ ನಿಂತಿರುತ್ತದೆ. ಹಿಂಬದಿಗೆ ನಾಲ್ಕು ಜನ ಹತ್ತಿ ಕುಳಿತರೆ ಮೂತಿ ಮೇಲೆದ್ದು ಹಿಂದಕ್ಕೆ ವಾಲಬಹುದು. ಅದರ ನೆರಳಿನಲ್ಲಿ ಮಕ್ಕಳನ್ನು ಮಲಗಿಸುವುದು ಕಬ್ಬು ಕಡಿಯುವ ತಂಡಗಳಲ್ಲಿಯೂ ಕಾಣುವ ಸಂಗತಿ. ಹಿಂದೆಯೂ ಮುಂದೆಯೂ ಊರೆ ಕೊಟ್ಟು, ಗಾಲಿಗಳಿಗೆ ಎರಡೂ ಕಡೆ ಅಡ್ಡಗಲ್ಲು ಇಟ್ಟ ನಂತರವೂ ಕೆಳಗೆ ಯಾರೂ ಮಲಗಬಾರದು.

ಟ್ರೇಲರಿಗೆ ಪ್ರತ್ಯೇಕ ನೋಂದಣಿ ಅಗತ್ಯ. ಆದುದರಿಂದ ತೂಕದ ಮಿತಿ ನಮೂದಾಗಿರುವ ದಾಖಲೆಗಳನ್ನು ಮಾರಾಟಗಾರರಿಂದ ಪಡೆಯದೆ ಹಣ ಕೊಡಬೇಡಿ. ವಿಮೆಯ ಪತ್ರದಲ್ಲಿ ಟ್ರೇಲರಿನ ಸಂಖ್ಯೆಯೂ ಸೇರಿದೆಯೇ ಎಂದು ನೋಡಿಕೊಳ್ಳಿ. 2019ರ ತಿದ್ದುಪಡಿಯಂತೆ ಮಿತಿಮೀರಿದ ಹೇರಿಗೆ 20,000 ರೂ. ಹಾಗೂ ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂ. ದಂಡವಿದೆ. ಹಿಂಬದಿಯ ಕೆಂಪು ಪ್ರತಿಫಲಕ ಪಟ್ಟಿಯನ್ನು ಕಬ್ಬಿನ ಗರಿ ಅಥವಾ ಮೇವು ಮುಚ್ಚದಂತೆ ತಗ್ಗಿನಲ್ಲಿ ಅಂಟಿಸಿ, ಸಂಜೆ ಹೊರಡುವ ಮುನ್ನ ಒಮ್ಮೆ ಬಟ್ಟೆಯಿಂದ ಒರೆಸಿಕೊಳ್ಳಿ.